ನಿಂತರೆ ಹಸಿರು, ನಡೆದರೆ ಕೆಂಪು

ಚೌಕಳಿಗೂ ನೆರಿಗೆಗೂ ಮೊದಲಿನಿಂದಲೇ ಆಗಿಬರುವುದಿಲ್ಲ. ಚೌಕಳಿಯದು ಎಲ್ಲವನ್ನೂ ತೆರೆದಿಡುವ ಸ್ವಭಾವ. ಉದ್ದಗೆರೆ ಇಲ್ಲಿ, ಅಡ್ಡಗೆರೆ ಅಲ್ಲಿ, ಇಬ್ಬರೂ ಭೇಟಿಯಾಗುವುದು ಇಂಥ ಕಡೆ ಎಂದು ಮುಂಚಿತವಾಗಿ ಹೇಳಿಬಿಟ್ಟಿರುತ್ತದೆ. ನೆರಿಗೆಗೆ ಮುಚ್ಚಿಡುವುದೇ ಕಸುಬು. ಮೂರಿಂಚು ಬಟ್ಟೆ ಇಸಿದುಕೊಂಡು, ಎರಡಿಂಚು ಒಳಗೆ ಹಾಕಿ, ಒಂದೇ ಒಂದಿಂಚು ಹೊರಗೆ ತೋರಿಸುತ್ತದೆ. ಇವೆರಡನ್ನೂ ಒಂದೇ ಸೊಂಟಪಟ್ಟಿಗೆ ತಂದು ಕಟ್ಟಲು ಹೊರಟವರಿಗೆ ಹೊಲಿಗೆ ಬಂದರೆ ಸಾಲದು, ಪಂಚಾಯಿತಿ ಮಾಡುವುದೂ ಗೊತ್ತಿರಬೇಕು. ನಾನು ಬ್ಯಾಂಕಿನಲ್ಲಿದ್ದವಳು. ಸರ್ವೀಸಿನುದ್ದಕ್ಕೂ ಬೇರೆಯವರ ಸಾಲದ ಲೆಕ್ಕ ನೋಡಿ, ನಿವೃತ್ತಿಯಾದ ಮೇಲೆ ನನ್ನದೇ ಒಂದು ಲಂಗದ ಲೆಕ್ಕ ನೋಡೋಣ ಅನ್ನಿಸಿದ್ದರಲ್ಲಿ ಅಂಥ ಅಪರಾಧವೇನೂ ನನಗೆ ಕಾಣಲಿಲ್ಲ. ಮನೆಯವರಿಗೆ ಕಂಡಿತು. ಅದು ಆಮೇಲಿನ ಮಾತು.

ಆಸೆ ಮಾತ್ರ ಹಳೆಯದು. ನಮ್ಮದು ಸರ್ಕಾರಿ ಶಾಲೆ. ನೀಲಿ ಲಂಗ, ಬಿಳಿ ಅಂಗಿ. ಲಂಗಕ್ಕೆ ಸುರುಕು ಹಿಡಿದಿರುತ್ತಿತ್ತೇ ಹೊರತು ನೆರಿಗೆ ಅಲ್ಲ. ಸುರುಕಿಗೆ ಲೆಕ್ಕಾಚಾರ ಬೇಡ, ಉದ್ದ ಹೊಲಿಗೆ ಹಾಕಿ ದಾರ ಎಳೆದರೆ ಮುಗಿಯಿತು, ಬಟ್ಟೆ ತನಗೆ ತೋಚಿದ ಕಡೆ ಮುದುಡಿಕೊಳ್ಳುತ್ತದೆ. ಅದೇ ರಸ್ತೆಯ ಆ ತುದಿಗೆ ಕಾನ್ವೆಂಟು. ಅಲ್ಲಿನ ಹುಡುಗಿಯರಿಗೆ ಹಸಿರು-ಕೆಂಪು ಚೌಕಳಿಯ, ಕತ್ತಿಯಂಚಿನ ನೆರಿಗೆಯ ಲಂಗ. ಅವರ ಇಂಗ್ಲಿಷಿಗೆ ಹೊಟ್ಟೆಕಿಚ್ಚು ಪಡಬೇಕೆಂಬುದು ನಮಗಾಗ ಗೊತ್ತೇ ಇರಲಿಲ್ಲ. ಇದ್ದ ಕಿಚ್ಚೆಲ್ಲ ಲಂಗದ ಮೇಲೆಯೇ ಖರ್ಚಾಗುತ್ತಿತ್ತು. ಅವರು ನಡೆದರೆ ಅವರ ಲಂಗವೂ ನಡೆಯುತ್ತಿತ್ತು. ನಮ್ಮದು ಸುಮ್ಮನೆ ಜೊತೆಯಲ್ಲಿ ಬರುತ್ತಿತ್ತು.

ನಮ್ಮ ವಠಾರದಲ್ಲೇ ಒಬ್ಬಳು ಕಾನ್ವೆಂಟಿಗೆ ಹೋಗುವವಳಿದ್ದಳು. ಆ ಲಂಗದ ಹಿಂದಿನ ಕಷ್ಟ ಗೊತ್ತಾದದ್ದು ಅವಳಿಂದ. ರಾತ್ರಿ ಊಟವಾದ ಮೇಲೆ ಅವಳ ತಾಯಿ ಲಂಗವನ್ನು ಚಾಪೆಯ ಮೇಲೆ ಹರಡಿ, ಒಂದೊಂದೇ ನೆರಿಗೆಯನ್ನು ಉಗುರಿನಿಂದ ಗೀರಿ ಕೂರಿಸಿ, ಮೇಲೊಂದು ಹಳೆಯ ಪೇಪರು ಹಾಸಿ, ಅದರ ಮೇಲೆ ಹಾಸಿಗೆ ಹಾಸುತ್ತಿದ್ದರು. ಹುಡುಗಿ ರಾತ್ರಿಯೆಲ್ಲ ತನ್ನ ಯೂನಿಫಾರಂ ಮೇಲೆಯೇ ಮಲಗಬೇಕು. ಹೊರಳಾಡಿದರೆ ಬೈಗುಳ. ಹಬ್ಬದ ಮಾರನೆಯ ದಿನವೋ ಶಾಲೆಯ ವಾರ್ಷಿಕೋತ್ಸವಕ್ಕೋ ತಾಮ್ರದ ಚೊಂಬಿಗೆ ಕೆಂಡ ತುಂಬಿ, ಬಾಯಿಯನ್ನು ಇಕ್ಕಳದಲ್ಲಿ ಹಿಡಿದು ಇಸ್ತ್ರಿ ಮಾಡಿದ್ದೂ ಉಂಟು. ಇನ್ನು ಲಂಗದ ಅಂಚು. ಬೆಳೆಯುವ ಮಕ್ಕಳಿಗೆ ಹೊಲಿಸುವಾಗ ಕೆಳಗೆ ಐದಾರಿಂಚು ಒಳಮಡಿಕೆ ಬಿಡುವುದು ಎಲ್ಲ ಮನೆಯ ರೂಢಿ. ಜೂನ್ ಬಂತೆಂದರೆ ಮಡಿಕೆ ಬಿಚ್ಚಿ ಒಂದೆರಡಿಂಚು ಇಳಿಸುವುದು. ಒಳಗಿದ್ದ ಬಟ್ಟೆ ಬಿಸಿಲು ಕಂಡಿಲ್ಲ, ಹಾಗಾಗಿ ಇಳಿಸಿದಷ್ಟು ಜಾಗ ಕಡುಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತಿತ್ತು. ಯಾವ ತರಗತಿಯಲ್ಲಿ ಎಷ್ಟು ಉದ್ದವಾದಳು ಎಂಬುದನ್ನು ಅವಳ ಮಾರ್ಕ್ಸ್ ಕಾರ್ಡಿನ ಸಹಾಯವಿಲ್ಲದೆ ಲಂಗದಲ್ಲೇ ಓದಬಹುದಿತ್ತು.

ಈಗ ಹೊಲಿಯಲು ಕೂತಾಗ ಮೊದಲ ಪ್ರಶ್ನೆ ಬಟ್ಟೆಯದು. ಯೂನಿಫಾರಂ ಅಂಗಡಿಗಳಲ್ಲಿ ಸಿಗುವ ಚೌಕಳಿಯೆಲ್ಲ ಪಾಲಿಯೆಸ್ಟರ್ ಬೆರೆತದ್ದು. ಟೆರಿಲಿನ್ ಎಂಬ ಪಾಲಿಯೆಸ್ಟರ್ ಮಾಯೆ 1941ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯದಿಂದ ಎದ್ದು ಬಂದದ್ದೇ ತಡ, ನೆರಿಗೆಯ ಇತಿಹಾಸ ಎರಡು ಭಾಗವಾಗಿ ಹೋಯಿತು. ಆ ಎಳೆ ಕಾವಿಗೆ ಮೆತ್ತಗಾಗುತ್ತದೆ. ಆರುವಾಗ ಯಾವ ಮಡಿಕೆಯಲ್ಲಿತ್ತೋ ಅದೇ ಮಡಿಕೆಯಲ್ಲಿ ಬಿಗಿದುಕೊಳ್ಳುತ್ತದೆ. ಒಮ್ಮೆ ಸರಿಯಾಗಿ ಕಾವು ಕೊಟ್ಟು ಕೂರಿಸಿದ ನೆರಿಗೆ ಎಷ್ಟು ಒಗೆದರೂ ಏಳುವುದಿಲ್ಲ. ಹತ್ತಿ ಹಾಗಲ್ಲ. ನೀರು ತಾಗಿದರೆ ಸಾಕು, ಎಳೆಯ ಒಳಗಿನ ಕೊಂಡಿಗಳು ಕಳಚಿಕೊಳ್ಳುತ್ತವೆ. ಒಣಗುವಾಗ ಹೇಗೆ ಬಿದ್ದಿತ್ತೋ ಹಾಗೆ ಮತ್ತೆ ಕಟ್ಟಿಕೊಳ್ಳುತ್ತವೆ. ವಠಾರದ ಆ ತಾಯಿ ರಾತ್ರಿಯಿಡೀ ಮಗಳನ್ನು ಲಂಗದ ಮೇಲೆ ಮಲಗಿಸುತ್ತಿದ್ದುದರ ಹಿಂದೆ ಇಷ್ಟು ರಸಾಯನಶಾಸ್ತ್ರ ಇತ್ತು. ಇದೆಲ್ಲ ಗೊತ್ತಿದ್ದೂ ನಾನು ಹತ್ತಿಯನ್ನೇ ಆರಿಸಿಕೊಂಡೆ. ಮೈಸೂರಿನ ಏಪ್ರಿಲ್ ತಿಂಗಳಲ್ಲಿ ಮೂರು ಪದರ ಪಾಲಿಯೆಸ್ಟರನ್ನು ಸೊಂಟಕ್ಕೆ ಸುತ್ತಿಕೊಂಡು ಓಡಾಡುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ಶಿವರಾಮಪೇಟೆಯ ಅಂಗಡಿಯೊಂದರಲ್ಲಿ ಕೈಮಗ್ಗದ ಚೌಕಳಿ ಕೇಳಿದೆ. ಹುಡುಗ ಕಟ್ಟು ಬಿಚ್ಚಿದ. ಒಳ್ಳೆ ಕಡುಹಸಿರು, ಅದರ ಮೇಲೆ ಬೆರಳಗಲದ ಕೆಂಪು ಪಟ್ಟಿ, ಪಕ್ಕದಲ್ಲಿ ಸಣ್ಣ ಹಳದಿ ಗೆರೆ.

"ಇದು ಚೆನ್ನಾಗಿ ಹೋಗ್ತದೆ ಅಮ್ಮ. ಯಜಮಾನ್ರ ಎತ್ತರ ಎಷ್ಟು?"

"ಯಜಮಾನರಿಗಲ್ಲಪ್ಪ, ನನಗೆ."

ಹುಡುಗ ಬಟ್ಟೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. ವ್ಯಾಪಾರಸ್ಥರ ಮಗ, ಏನೂ ಕೇಳಲಿಲ್ಲ. ಆದರೆ ಅಳೆಯುವಾಗ ಒಂದು ಗೇಣು ಜಾಸ್ತಿ ಬಿಟ್ಟ. ಅದು ಗೌರವವೋ ಕನಿಕರವೋ ಇವತ್ತಿಗೂ ತಿಳಿದಿಲ್ಲ.

ಲುಂಗಿಯ ಬಟ್ಟೆಗೆ ನಾವು ಲುಂಗಿಯ ಮರ್ಯಾದೆಯನ್ನಷ್ಟೇ ಕೊಟ್ಟಿದ್ದೇವೆ. ಅದೇ ಚೌಕಳಿ ಮದ್ರಾಸಿನ ಬಂದರಿನಿಂದ ಹಡಗು ಹತ್ತಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ, ನೈಜೀರಿಯದ ಕಲಬಾರಿ ಜನರ ಮದುವೆ-ಮರಣಗಳಲ್ಲೆಲ್ಲ ಅಗ್ರಸ್ಥಾನ ಗಳಿಸಿಕೊಂಡಿತು. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ ಮರ್ಯಾದೆಯ ಕಥೆಯಂತೂ ಇನ್ನೂ ಸೊಗಸು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಲೀಲಾ ಹೋಟೆಲನ್ನು ನೋಡಿದವರಿಗೆ ಅದನ್ನು ಕಟ್ಟಿಸಿದ ಸಿ. ಪಿ. ಕೃಷ್ಣನ್ ನಾಯರ್ ಹೆಸರು ಗೊತ್ತಿರುತ್ತದೆ. ಹೋಟೆಲಿಗಿಂತ ಮುಂಚೆ ಅವರದು ಕೈಮಗ್ಗದ ವ್ಯಾಪಾರ. 1958ರಲ್ಲಿ ಅಮೆರಿಕದ ವರ್ತಕನೊಬ್ಬ ಅವರಿಂದ ಗಜಗಟ್ಟಲೆ ಮದ್ರಾಸ್ ಚೌಕಳಿ ಕೊಂಡುಕೊಂಡು ಹೋದ. ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು ಎಂದು ನಾಯರ್ ಹೇಳಿದ್ದರು. ಆ ಮಾತು ಮಾತ್ರ ಹಡಗು ಹತ್ತಲಿಲ್ಲ. ಬ್ರೂಕ್ಸ್ ಬ್ರದರ್ಸ್ ಅಂಗಡಿಯಲ್ಲಿ ಆ ಬಟ್ಟೆಯ ಕೋಟು-ಚಡ್ಡಿ ಕೊಂಡ ಸಾಹೇಬರು ವಾಷಿಂಗ್ ಮೆಷಿನ್ನಿಗೆ ಹಾಕಿದರು, ಬಣ್ಣ ಹರಿಯಿತು, ಕೋರ್ಟಿನ ಮಾತು ಬಂತು. ಕೊನೆಗೆ ಜಾಹೀರಾತಿನವರು ತಲೆ ಓಡಿಸಿ, ಬಣ್ಣ ಬಿಡುವುದೇ ಇದರ ವಿಶೇಷ, ಒಗೆದಷ್ಟೂ ಹೊಸ ಬಣ್ಣ, ಬಿಡದಿದ್ದರೆ ಕೇಳಿ ಎಂದು ಸಾರಿಬಿಟ್ಟರು. ಬಟ್ಟೆ ಬಿಸಿದೋಸೆಗಿಂತ ವೇಗವಾಗಿ ಖರ್ಚಾಯಿತಂತೆ. ನಾಯರ್ ತಾವೇ ಈ ಕಥೆಯನ್ನು ಖುಷಿಯಿಂದ ಹೇಳಿಕೊಳ್ಳುತ್ತಿದ್ದರು. ನಮ್ಮಮ್ಮನ ಕಾಲದ ಹೆಂಗಸರ ಮುಂದೆ ಯಾರಾದರೂ ಈ ಜಾಹೀರಾತು ಹಿಡಿದುಕೊಂಡು ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬಲ್ಲೆ. ಬಣ್ಣ ಬಿಟ್ಟ ಸೀರೆಯನ್ನು ಒದ್ದೆಯಾಗಿಯೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹರಡಿ ಬಂದ ವೀರರಮಣಿಯರು ನಮ್ಮ ಬೀದಿಯಲ್ಲೇ ಇದ್ದರು. ನಾನಂತೂ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಕುಗ್ಗುವಷ್ಟು ಕುಗ್ಗಲಿ, ಬಿಡುವಷ್ಟು ಬಿಡಲಿ ಎಂದು ಬಕೆಟ್ಟಿಗೆ ಒಪ್ಪಿಸಿ ಕೂತೆ.

ನೆನೆಯುವ ಹೊತ್ತಿಗೆ ಸ್ಕಾಟ್ಲೆಂಡಿನ ಕಡೆ ಒಂದು ಸುತ್ತು ಹೋಗಿಬರಬಹುದು. ಚೌಕಳಿಗೆ ನೆರಿಗೆ ಹಿಡಿಯುವುದನ್ನು ಒಂದು ರಾಷ್ಟ್ರದ ಮಾನದ ವಿಷಯ ಮಾಡಿಕೊಂಡವರು ಅವರು. ಆ ಕಾನ್ವೆಂಟ್ ಲಂಗದ ಮೂಲಪುರುಷನೂ ಅಲ್ಲಿಯವನೇ. ನಿಜವಾಗಿ ಪುರುಷನೇ, ಏಕೆಂದರೆ ಅಲ್ಲಿ ಕಿಲ್ಟ್ ಎಂಬ ಹೆಸರಿನಲ್ಲಿ ಅದನ್ನು ಉಡುತ್ತಿದ್ದವರು ಗಂಡಸರು. ಗುಡ್ಡಗಾಡಿನ ಜನ ದಂಗೆಯೆದ್ದು ಸೋತ ಮೇಲೆ, 1746ರಲ್ಲಿ ಲಂಡನ್ನಿನ ಸರ್ಕಾರ ಕಾನೂನು ಮಾಡಿ ಕಿಲ್ಟ್ ಉಡುವುದನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಜೈಲು, ಎರಡನೆಯದಕ್ಕೆ ಏಳು ವರ್ಷ ಗಡಿಪಾರು. ಒಂದು ನೆರಿಗೆ ಲಂಗಕ್ಕೆ! ಸೈನ್ಯಕ್ಕೆ ಸೇರಿ ಸರ್ಕಾರದ ಪರವಾಗಿ ಗುಂಡು ಹಾರಿಸಿದರೆ ಮಾತ್ರ ಉಡಬಹುದಿತ್ತು. ಕಾನೂನಿನಲ್ಲಿ ಗಂಡಸರು, ಹುಡುಗರು ಎಂದಷ್ಟೇ ಇತ್ತು. ಹೆಂಗಸರ ಚೌಕಳಿಯಿಂದ ಸಿಂಹಾಸನಕ್ಕೆ ಅಪಾಯವಿಲ್ಲ ಎಂದು ಭಾವಿಸಿದ್ದರೋ ಏನೋ.

1782ರಲ್ಲಿ ನಿಷೇಧ ಹೋಯಿತು. ಅದಾದ ನಲವತ್ತು ವರ್ಷಕ್ಕೆ, 1822ರಲ್ಲಿ, ರಾಜ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಉತ್ಸವದ ಉಸ್ತುವಾರಿ ವಹಿಸಿಕೊಂಡು, ಊರಿನ ಗಣ್ಯರಿಗೆಲ್ಲ ಚೌಕಳಿ ಉಡಿಸಿದ. ಜೈಲಿಗೆ ಕಳಿಸುತ್ತಿದ್ದ ಮನೆತನದ ರಾಜನೇ ಸ್ವತಃ ಕೆಂಪು ಚೌಕಳಿಯ ಕಿಲ್ಟ್ ಉಟ್ಟು ಮೆರೆದ. ಭಾರಿ ಗಾತ್ರದ ದೇಹ, ಮೊಣಕಾಲಿಗಿಂತ ಸಾಕಷ್ಟು ಮೇಲಿದ್ದ ಕಿಲ್ಟು, ಬರಿಗಾಲು ತೋರಿಸಲು ನಾಚಿಕೆಯಾಗಿ ಒಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ. ಚಿತ್ರಕಾರ ಡೇವಿಡ್ ವಿಲ್ಕಿ ಆಮೇಲೆ ಬರೆದ ಚಿತ್ರದಲ್ಲಿ ರಾಜನ ಹೊಟ್ಟೆಯನ್ನೂ ಇಳಿಸಿ, ಗುಲಾಬಿ ಕಾಲುಚೀಲವನ್ನೂ ಕಿತ್ತುಹಾಕಿ ಮರ್ಯಾದೆ ಉಳಿಸಿದ. ಆಸ್ಥಾನ ಕಲಾವಿದರು ಇರುವುದೇ ಇಂಥ ಹೊತ್ತಿಗೆ. ಈಗ ಅಲ್ಲಿ ಸರ್ಕಾರವೇ ಚೌಕಳಿಗಳಿಗೊಂದು ನೋಂದಣಿ ಕಚೇರಿ ಇಟ್ಟಿದೆ, 2009ರಿಂದ. ಹೊಸ ವಿನ್ಯಾಸ ಮಾಡಿದವರು ಎಳೆ ಎಣಿಸಿ ಅರ್ಜಿ ಹಾಕಬೇಕು. ಸಬ್‌ರಿಜಿಸ್ಟ್ರಾರ್ ಆಫೀಸಿನ ಅನುಭವವಿರುವ ನಮಗೆ ಕೇಳಿದರೇ ಸುಸ್ತು.

ಕಿಲ್ಟಿನ ಒಂದು ಗುಟ್ಟು ನನಗೆ ಬಹಳ ಹಿಡಿಸಿತು. ಅದರ ಮುಂಭಾಗ ಸಪಾಟು, ನೆರಿಗೆಯೆಲ್ಲ ಹಿಂದೆ. ಇದನ್ನು ನೋಡಿದ ಕೂಡಲೇ ನಮ್ಮ ಕಡೆಯವರಿಗೆ ಕೊಡಗಿನ ಸೀರೆ ನೆನಪಾಗದೇ ಇರುತ್ತದೆಯೇ? ಕೊಡವ ಹೆಂಗಸರು ನೆರಿಗೆ ಸಿಕ್ಕಿಸುವುದು ಬೆನ್ನ ಕಡೆಗೆ. ಕಾವೇರಿ ನದಿಯಾಗಿ ನುಗ್ಗಿ ಬಂದಾಗ ಬಲಮುರಿಯಲ್ಲಿ ತಡೆಯಲು ನಿಂತಿದ್ದ ಹೆಂಗಸರ ಸೀರೆಯ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ತಿರುಗಿತು, ಅಂದಿನಿಂದ ಅದೇ ಪದ್ಧತಿ ಎಂದು ಅಲ್ಲಿ ಕಥೆ ಹೇಳುತ್ತಾರೆ. ಸ್ಕಾಟರ ಬಳಿ ಇಷ್ಟು ಚೆಂದದ ಕಾರಣವಿಲ್ಲ. ಗುಡ್ಡ ಹತ್ತಿಳಿಯುವವರಿಗೆ ಮುಂದೆ ನೆರಿಗೆಯ ಗೊಡವೆ ಇರಬಾರದೆಂಬುದು ಮಾತ್ರ ಎರಡೂ ಕಡೆ ಸತ್ಯವೆಂದು ತೋರುತ್ತದೆ. ಇನ್ನು ಗಂಡಸರು ಚೌಕಳಿ ಉಡುವುದಕ್ಕೆ ಸ್ಕಾಟ್ಲೆಂಡಿನವರೆಗೆ ಹೋಗಬೇಕಾಗಿಯೂ ಇಲ್ಲ. ಕರಾವಳಿಯಲ್ಲಿ ಬಡಗುತಿಟ್ಟಿನ ಯಕ್ಷಗಾನ ವೇಷಧಾರಿಯನ್ನು ಕೇಳಿ. ಕೆಂಪು-ಹಳದಿ-ಕಪ್ಪು ಚೌಕಳಿಯ ಕಸೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಗೆಜ್ಜೆ ಕಟ್ಟಿ ಅವರು ದಿಗಿಣ ಹಾಕುವಾಗ, ನಾಲ್ಕನೆಯ ಜಾರ್ಜನ ಮೆರವಣಿಗೆ ನೆನೆದು ನಗು ಬರುತ್ತದೆ. ಉಡುವುದಾದರೆ ಹಾಗೆ ಉಡಬೇಕು.

ಬಟ್ಟೆ ಒಣಗಿತು. ಈಗ ಲೆಕ್ಕ. ಸೊಂಟದ ಸುತ್ತಳತೆ 34 ಇಂಚು, ಪೃಷ್ಠದ ಸುತ್ತಳತೆ 42 ಇಂಚು ಎಂದಿಟ್ಟುಕೊಳ್ಳೋಣ. ಇವು ನನ್ನ ಅಳತೆಗಳೇ ಎಂದು ಯಾರೂ ತಿಳಿಯಬೇಕಾಗಿಲ್ಲ, ಲೆಕ್ಕಕ್ಕೆ ಅನುಕೂಲವಾಗಿವೆ. ನೆರಿಗೆ ಲಂಗಕ್ಕೆ ಸೊಂಟವನ್ನು ನಂಬಬಾರದು, ಅದರ ಕೆಳಗಿನ ಅಗಲವನ್ನು ನಂಬಬೇಕು. ಒಂದಿಂಚು ತೋರಿಸಲು ಮೂರಿಂಚು ಬಟ್ಟೆ. 42ರ ಮೂರರಷ್ಟು 126 ಇಂಚು. ಬಟ್ಟೆಯ ಪನ್ನ 44 ಇಂಚು, ಮೂರು ತುಂಡು ಕೂಡಿಸಿದರೆ 132. ಕೂಡುಹೊಲಿಗೆಗೂ ಹುಕ್ಕಿನ ಪಟ್ಟಿಗೂ ಆರು ಇಂಚು ಹೋದರೆ ಉಳಿಯುವುದು ಸರಿಯಾಗಿ 126. ಚೌಕಳಿಯ ಒಂದು ಆವರ್ತ, ಅಂದರೆ ಒಂದು ಕೆಂಪು ಪಟ್ಟಿಯಿಂದ ಮುಂದಿನ ಕೆಂಪು ಪಟ್ಟಿಗೆ, ಮೂರೇ ಇಂಚು. ಲೆಕ್ಕದ ಪುಸ್ತಕದ ಹೊರಗೆ ಸಂಖ್ಯೆಗಳು ಇಷ್ಟು ಸೌಜನ್ಯದಿಂದ ನಡೆದುಕೊಂಡದ್ದನ್ನು ನಾನು ಬ್ಯಾಂಕಿನಲ್ಲಿ ಯಾವತ್ತೂ ನೋಡಲಿಲ್ಲ.

ಆದರೆ ನೆರಿಗೆ ಹಿಡಿಯುವುದಕ್ಕೆ ಎರಡು ದಾರಿ. ಒಂದು, ಮೇಲಿಂದ ನೋಡಿದರೆ ಚೌಕಳಿ ಮುರಿದೇ ಇಲ್ಲ, ಸಪಾಟು ಬಟ್ಟೆಯೇ ಎಂದು ತೋರುವಂತೆ ಹಿಡಿಯುವುದು. ಅದಕ್ಕೆ ಪ್ರತಿ ನೆರಿಗೆಯೂ ಒಂದು ಪೂರ್ತಿ ಆವರ್ತವನ್ನು ನುಂಗಿ, ಅದರ ಮುಂದಿನ ಇಂಚನ್ನು ತೋರಿಸಬೇಕು. ಅಂದರೆ ನೆರಿಗೆಗೆ ನಾಲ್ಕಿಂಚು, ಒಟ್ಟು 168. ಇನ್ನೊಂದು ಪನ್ನ ಕೊಳ್ಳಬೇಕು. ಇಷ್ಟು ಕಷ್ಟಪಟ್ಟು ಕೊನೆಗೆ ನೆರಿಗೆಯೇ ಇಲ್ಲವೆಂದು ತೋರಿಸುವುದರಲ್ಲಿ ಏನು ಸುಖವೋ. ಎರಡನೆಯದು ಸೈನ್ಯದವರ ದಾರಿ. ಪ್ರತಿ ನೆರಿಗೆಯ ತುದಿಗೂ ಅದೇ ಪಟ್ಟಿ ಬರುವಂತೆ ಹಿಡಿಯುವುದು. ಆವರ್ತವೂ ಮೂರಿಂಚು, ನೆರಿಗೆಯೂ ಮೂರಿಂಚು ಆದ್ದರಿಂದ ಒಮ್ಮೆ ನಿರ್ಧರಿಸಿದರೆ 42 ನೆರಿಗೆಗಳೂ ಒಂದೇ ಮಾತು ಆಡುತ್ತವೆ. ಯಾವ ಪಟ್ಟಿ ಹೊರಗೆ, ಯಾವುದು ಒಳಗೆ? ನಾನು ಹಸಿರನ್ನು ಹೊರಗಿಟ್ಟು ಕೆಂಪನ್ನು ಬಚ್ಚಿಟ್ಟೆ.

ಇಲ್ಲಿ ಚೌಕಳಿಯ ಒಂದು ಗುಣ ಹೇಳಬೇಕು. ನೇಯ್ದ ಚೌಕಳಿಯಲ್ಲಿ ಬಣ್ಣಗಳು ಹಾಸು-ಹೊಕ್ಕಾಗಿ ಬೆರೆಯುತ್ತವೆ. ಮೂರು ಬಣ್ಣದ ನೂಲಿದ್ದರೆ ಬಟ್ಟೆಯಲ್ಲಿ ಕಾಣುವುದು ಆರು: ಮೂರು ಅಪ್ಪಟ, ಮೂರು ಮಿಶ್ರ. ಕೆಂಪು ಹಾಸಿಗೆ ಕೆಂಪು ಹೊಕ್ಕು ಬಂದ ಜಾಗದಲ್ಲಿ ಮಾತ್ರ ಕೆಂಪು ನಿಜವಾದ ಕೆಂಪು. ಹಸಿರಿನ ಮೇಲೆ ಹಾಯ್ದಾಗ ಅದು ಮಾಗಿದ ಹುಣಿಸೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಉದ್ದದ ಕೆಂಪು ಪಟ್ಟಿಯನ್ನು ನೆರಿಗೆಯೊಳಗೆ ಅಡಗಿಸಿದರೆ, ನಿಂತಾಗ ಲಂಗ ಹಸಿರು-ಕಂದು ಬಣ್ಣದ ಸಭ್ಯ ಗೃಹಸ್ಥೆ. ಹೆಜ್ಜೆ ಹಾಕಿದರೆ ನೆರಿಗೆ ಬಾಯಿಬಿಟ್ಟು ಅಪ್ಪಟ ಕೆಂಪು ಚಕ್ಕನೆ ಹೊಳೆದು ಮತ್ತೆ ಒಳಗೆ. ಅಂಗಡಿಯ ಲಂಗದಲ್ಲಿ ಈ ಚಮತ್ಕಾರ ಸಿಗುವುದು ಅಪರೂಪ. ಅಲ್ಲಿ ಬಟ್ಟೆ ಉಳಿಸುವುದು ಮುಖ್ಯ, ಪಟ್ಟಿ ಎಲ್ಲಿ ಬಿದ್ದರೂ ಅವರಿಗೆ ಒಂದೇ.

ಹೊಲಿಗೆಯ ಕ್ರಮ ತಲೆಕೆಳಗು. ಮೊದಲು ಕೆಳಗಿನ ಅಂಚು ಮಡಿಸಿ ಹೊಲಿದು ಮುಗಿಸಬೇಕು, ಆಮೇಲೆ ನೆರಿಗೆ, ಕೊನೆಗೆ ಸೊಂಟ. ನೆರಿಗೆ ಹಿಡಿದ ಮೇಲೆ ಅಂಚು ಮಡಿಸಲು ಹೋದರೆ ಬ್ರಹ್ಮನಿಂದಲೂ ಆಗದು. ಬಟ್ಟೆ ನೇರ ಕತ್ತರಿಸಲು ಒಂದು ಎಳೆ ಹುಡುಕಿ ಮೆಲ್ಲಗೆ ಎಳೆದು ತೆಗೆದರೆ ಈ ಅಂಚಿನಿಂದ ಆ ಅಂಚಿಗೆ ಸಣ್ಣ ಖಾಲಿಗೆರೆ ಬೀಳುತ್ತದೆ. ಕತ್ತರಿ ಅದರ ಮೇಲೆ ಹೋದರೆ ಸೊಟ್ಟಗಾಗುವ ಮಾತಿಲ್ಲ. ಚೌಕಳಿಯಲ್ಲಿ ಇದೂ ಬೇಡ, ಸೀಮೆಸುಣ್ಣವೂ ಬೇಡ, ಟೇಪೂ ಬೇಡ. ಗ್ರಾಫ್ ಹಾಳೆಯನ್ನೇ ನೇಯ್ದು ಕೊಟ್ಟಿರುತ್ತಾರೆ. ಕೆಂಪು ಪಟ್ಟಿಯ ಅಂಚು ಹಿಡಿ, ಮುಂದಿನ ಹಸಿರಿನ ಕೆಳಗೆ ತಳ್ಳು, ಗುಂಡುಸೂಜಿ ಚುಚ್ಚು. ಅಷ್ಟೇ. ನಡುವೆ ಪನ್ನ ಕೂಡಿಸಿದ ಹೊಲಿಗೆ ಬಂದರೆ ಅದನ್ನು ನೆರಿಗೆಯ ಒಳಮಡಿಕೆಗೆ ನೂಕಿಬಿಡುವುದು, ಸಾರ್ವಜನಿಕರಿಗೆ ತಿಳಿಯುವುದಿಲ್ಲ. ಸೀರೆ ಉಡುವ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಬ್ಬೆರಳು-ಕಿರುಬೆರಳ ನಡುವೆ ಅಳತೆಯಿಲ್ಲದೆ ದಿನಾ ಬೆಳಿಗ್ಗೆ ಮಾಡುವ ಕೆಲಸಕ್ಕೆ ಇಲ್ಲಿ ಸೂಜಿ ಸೇರಿಕೊಂಡಿದೆ ಅಷ್ಟೇ.

ನಾಜೂಕು ಇರುವುದು ಸೊಂಟದ ಹತ್ತಿರ. ಕೆಳಗೆ 42, ಮೇಲೆ 34. ಎಂಟಿಂಚನ್ನು 42 ನೆರಿಗೆಗಳಿಗೆ ಹಂಚಬೇಕು. ತಲೆಗೆ ಬೀಳುವುದು ಒಂದೂವರೆ ನೂಲು. ಇಂಚಿಗೆ ಎಂಟು ನೂಲು ಎಂದು ಬಡಗಿಗಳು ಎಣಿಸುತ್ತಾರಲ್ಲ, ಆ ನೂಲು. ಅಂದರೆ ಪ್ರತಿ ನೆರಿಗೆಯೂ ಮೇಲೆ ಹೋದಂತೆ ಒಂದೂವರೆ ನೂಲಷ್ಟು ಪಕ್ಕದವರ ಮೇಲೆ ಓರೆಯಾಗಿ ಹತ್ತಬೇಕು, ಎಲ್ಲರೂ ಒಂದೇ ಸಮ. ಯಾವುದೋ ಒಂದು ನೆರಿಗೆ ಎರಡು ನೂಲು ಹತ್ತಿದರೆ ಹಸಿರು ಪಟ್ಟಿ ಡೊಂಕಾಗಿ, ಲಂಗ ಒಂದು ಕಡೆಗೆ ಸೊಂಟ ತಿರುಗಿಸಿಕೊಂಡು ನಿಲ್ಲುತ್ತದೆ. ಕಚ್ಚಾ ಹೊಲಿಗೆ ಹಾಕುವಾಗ ರೇಡಿಯೋ ಬೇಡ, ಫೋನು ಬೇಡ, ಗಂಡನೂ ಬೇಡ.

ಗಂಡ ಆ ಹೊತ್ತಿಗೇ ಬಂದರು.

"ಇದು ನನ್ನ ಲುಂಗಿ ಅಲ್ವಾ?"

"ಅಲ್ಲ."

"ನನ್ನ ಲುಂಗಿ ಎಲ್ಲಿ ಹಾಗಾದ್ರೆ?"

"ನೀವು ಉಟ್ಟುಕೊಂಡಿದ್ದೀರಿ."

ಅವರು ಬಗ್ಗಿ ನೋಡಿಕೊಂಡು, ಸಮಾಧಾನವಾಗಿ, ಒಂದು ನಿಮಿಷ ನಿಂತರು. "ಹತ್ತಿರ ಹತ್ತಿರ ಒಂದೇ ಡಿಸೈನು," ಎಂದರು. ನಾನು ಮೇಲೆ ನೋಡಿದೆ. ನಿಜ. ಲುಂಗಿಗೆ ನಲವತ್ತೆರಡು ನೆರಿಗೆ ಇಲ್ಲ, ಅವರದಕ್ಕೆ ಒಂದೇ ಗಂಟು. ಬೆಲೆ, ಶ್ರಮ, ಗಾಳಿಯಾಟ, ಯಾವುದರಲ್ಲಿ ನೋಡಿದರೂ ಅವರ ಏರ್ಪಾಡೇ ಜಾಣತನದ್ದು. ಇದನ್ನು ಅವರಿಗೆ ಹೇಳಲಿಲ್ಲ.

ಮೆಷಿನ್ನು ಅಮ್ಮನದು, ಕಾಲಿನಿಂದ ತುಳಿಯುವ ಹಳೆಯ ಉಷಾ. ಮೋಟಾರು ಹಾಕಿಸು ಎಂದು ಎಲ್ಲರೂ ಹೇಳುತ್ತಾರೆ. ನೆರಿಗೆ ಲಂಗದ ಸೊಂಟಪಟ್ಟಿ ಹೊಲಿದವರು ಹಾಗೆ ಹೇಳುವುದಿಲ್ಲ. ಪಟ್ಟಿಯ ಎರಡು ಪದರ, ಅದರೊಳಗೆ ಒಂದರ ಮೇಲೊಂದು ಹತ್ತಿ ಕೂತ ನೆರಿಗೆಗಳು. ಕೆಲವು ಕಡೆ ಸೂಜಿ ಆರೇಳು ಪದರ ದಾಟಬೇಕು. 14ನೇ ನಂಬರಿನ ಸೂಜಿ ತೆಗೆದು 16ನೆಯದು ಹಾಕಿ, ಬಲಗೈಯಿಂದ ಚಕ್ರವನ್ನು ಒಂದೊಂದೇ ಹೊಲಿಗೆಯಷ್ಟು ತಿರುಗಿಸಬೇಕು. ತೆಳ್ಳಗಿರುವಲ್ಲಿ ಟಕಟಕ ಎನ್ನುತ್ತಿದ್ದ ಸದ್ದು ದಪ್ಪ ಬಂದ ಕೂಡಲೇ ಡುಬ್ ಡುಬ್ ಎಂದು ಇಳಿಯುತ್ತದೆ. ಎಷ್ಟು ಪದರವಿದೆ ಎಂದು ಕಿವಿಯಿಂದಲೇ ತಿಳಿಯಬಹುದು. ಅಮ್ಮ ಒಳಗಿನಿಂದಲೇ, "ದಪ್ಪ ಬಂತು, ನಿಧಾನ," ಎಂದರು. ಎಂಬತ್ತು ದಾಟಿದ ಮೇಲೆ ನಾವು ಕೂಗಿ ಕರೆದರೂ ಕೇಳಿಸದ ಅವರಿಗೆ ಮೆಷಿನ್ನಿನ ಸದ್ದು ಮಾತ್ರ ಪೂರ್ತಿ ಕೇಳಿಸುತ್ತದೆ.

ಹತ್ತಿಯ ನೆರಿಗೆ ಬಿಡದಿರಲಿ ಎಂದು ಪ್ರತಿ ನೆರಿಗೆಯ ಹೊರಮಡಿಕೆಗೆ, ತೀರಾ ಅಂಚಿನಲ್ಲಿ, ಒಂದು ಸಾಲು ಹೊಲಿಗೆ ಓಡಿಸಿದೆ. ಅದರ ಮೇಲೆ ಒದ್ದೆ ಪಂಚೆಯ ತುಂಡು ಹಾಸಿ ಇಸ್ತ್ರಿ. ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿದರೆ ಮಡಿಕೆ ಚೂಪಾಗಿ ನಿಲ್ಲುತ್ತದೆ ಎಂದು ಹೊಲಿಗೆಯವರು ಹೇಳುತ್ತಾರೆ. ನಿಲ್ಲುತ್ತದೆ, ಮನೆಯೆಲ್ಲ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದ ವಾಸನೆಯೂ ನಿಲ್ಲುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿದ ತುಂಡಿನಲ್ಲಿ ಜೇಬು. ಸ್ವಂತ ಹೊಲಿಗೆಯ ನಿಜವಾದ ಲಾಭ ಇದು. ಹೆಂಗಸರ ಉಡುಪು ಹೊಲಿಯುವ ಕಂಪನಿಗಳಿಗೆಲ್ಲ ನಮ್ಮ ಕೈಗಳ ಮೇಲೆ ಏನೋ ಹಳೆಯ ದ್ವೇಷವಿದೆ. ಜೇಬು ಕೊಡುವುದಿಲ್ಲ, ಕೊಟ್ಟರೆ ಬಸ್ ಟಿಕೆಟ್ಟು ಹಿಡಿಯುವಷ್ಟು. ನೆರಿಗೆಯ ಹಿಂದೆ ಒಂದು ಅಂಗೈಯಗಲ, ಮೊಳಕೈಯಾಳದ ಜೇಬು ಇಟ್ಟರೆ ಹೊರಗಿನಿಂದ ಇದೆಯೆಂದೇ ತಿಳಿಯುವುದಿಲ್ಲ. ನನ್ನದರಲ್ಲಿ ಫೋನು, ಕನ್ನಡಕದ ಡಬ್ಬಿ, ಬೀಗದ ಕೈ, ಒಂದು ಮುಷ್ಟಿ ಕಡಲೆಬೀಜ ಹಿಡಿಯುತ್ತದೆ.

ಉಟ್ಟು ಹೊರಗೆ ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ಕಿಲ್ಟ್ ಉಟ್ಟ ಗಂಡಸರನ್ನು ಪ್ರಪಂಚವೆಲ್ಲ ಇನ್ನೂರು ವರ್ಷದಿಂದ ಕಣ್ಣು ಮಿಟುಕಿಸುತ್ತ ಕೇಳುತ್ತ ಬಂದಿರುವ ಪ್ರಶ್ನೆಯೇ ಅದು. ಅಮ್ಮ ಕಣ್ಣು ಮಿಟುಕಿಸಲಿಲ್ಲ.

"ಒಳಲಂಗ ಹಾಕಿದೀಯೇನೇ?"

ಹಾಕಿರಲಿಲ್ಲ, ಮೂರು ಪದರ ಬಟ್ಟೆಯ ಕೆಳಗೆ ನಾಲ್ಕನೆಯದು ಯಾಕೆ? ಮೊಣಕಾಲಿನವರೆಗಿನ ಹತ್ತಿ ಚಡ್ಡಿ ಇತ್ತು. ಅದನ್ನು ಅಮ್ಮ ಒಳಲಂಗದ ಲೆಕ್ಕಕ್ಕೆ ಜಮಾ ಮಾಡಲಿಲ್ಲ. "ನಿನ್ನ ವಯಸ್ಸಿಗೆ ನಾನು ಒಂಬತ್ತು ಗಜ ಉಡುತ್ತಿದ್ದೆ," ಎಂದರು. ಉಡುತ್ತಿರಲಿಲ್ಲ. ಅದು ಅಜ್ಜಿ. ಅಮ್ಮ ಉಡುತ್ತಿದ್ದದ್ದು ಆರು ಗಜದ ನೈಲೆಕ್ಸು, ಫೋಟೋ ಇದೆ. ಆದರೆ ಲಂಗದ ಅಂಚು ಹಿಡಿದು ಒಳಹೊಲಿಗೆ ತಿರುಗಿಸಿ ನೋಡುವಾಗ ಅವರ ಮುಖದಲ್ಲಿ ಪರೀಕ್ಷಕರ ಕಳೆ ಬಂತು. ಕೂಡುಹೊಲಿಗೆ ಎಲ್ಲಿ ಎಂದು ಹುಡುಕಿದರು. ಸಿಗಲಿಲ್ಲ. "ಹೂಂ," ಎಂದು ಬಿಟ್ಟರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರಿಗೂ ಬಂದದ್ದಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಉಟ್ಟುಕೊಂಡು ಹೋದೆ. ಮೇಲೆ ಬಿಳಿ ಕುರ್ತಾ, ಕಾಲಿಗೆ ಕ್ಯಾನ್ವಾಸ್ ಬೂಟು. ನೆರಿಗೆ ಲಂಗದ ನಡಿಗೆಯೇ ಬೇರೆ. ಸೀರೆಯಲ್ಲಿ ನೆರಿಗೆ ಮುಂದೆ ಇದ್ದು ಪಾದಕ್ಕೆ ತಾಗುತ್ತದೆ, ಚೂಡಿದಾರಿನಲ್ಲಿ ಏನೂ ಇಲ್ಲ. ಇಲ್ಲಿ ಹೆಜ್ಜೆ ಮುಂದಿಟ್ಟ ಮೇಲೆ ಅರೆಗಳಿಗೆ ತಡವಾಗಿ ಲಂಗ ತಿರುಗಿ ಬಂದು ಮೀನಖಂಡಕ್ಕೆ ತಟ್ಟುತ್ತದೆ, ಮತ್ತೆ ಆ ಕಡೆಗೆ. ಅಂಚಿನ ಮೂರಿಂಚು ಮಡಿಕೆಯ ಭಾರ ಅದನ್ನು ತೂಗಿಸುತ್ತದೆ. ವೇಗ ಹೆಚ್ಚಿಸಿದರೆ ತೂಗೂ ಹೆಚ್ಚು. ಒಮ್ಮೆ ರುಚಿ ಹತ್ತಿದರೆ ನಿಧಾನ ನಡೆಯಲು ಮನಸ್ಸೇ ಬರುವುದಿಲ್ಲ. ಕೆಂಪು ಹೊಳೆಯುವುದು ಉಟ್ಟವಳಿಗೆ ಕಾಣುವುದಿಲ್ಲ ಎಂಬುದೊಂದೇ ಕೊರತೆ. ಎದುರು ಬಂದ ನಿವೃತ್ತ ಪ್ರೊಫೆಸರೊಬ್ಬರು ನನ್ನನ್ನು ದಾಟಿ, ತಿರುಗಿ ನೋಡಿ, ಮತ್ತೆ ಮುಂದೆ ಹೋದದ್ದು ಗೊತ್ತು. ಎದುರಿಗೆ ಬಂದಾಗ ಹಸಿರಿದ್ದದ್ದು ಹಿಂದಿನಿಂದ ಕೆಂಪು ಹೇಗಾಯಿತು ಎಂದು ಅವರು ಯೋಚಿಸುತ್ತಿದ್ದರು ಎಂದೇ ನನ್ನ ನಂಬಿಕೆ.

ಕೂರುವುದಕ್ಕೊಂದು ಶಿಸ್ತಿದೆ. ಕಾನ್ವೆಂಟಿನವರು ಬೆಂಚಿನ ಮೇಲೆ ಕೂರುವ ಮುಂಚೆ ಎರಡು ಕೈಯನ್ನೂ ಹಿಂದಕ್ಕೆ ಒಯ್ದು ಲಂಗವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರುತ್ತಿದ್ದರು. ನಾವದನ್ನು ಬಿಂಕ ಎಂದುಕೊಂಡಿದ್ದೆವು. ಕೆರೆಯ ಕಲ್ಲುಬೆಂಚಿನ ಮೇಲೆ ಸವರದೆ ಕೂತು ಎದ್ದರೆ ತಿಳಿಯುತ್ತದೆ. ಹಿಂಭಾಗದ ಹತ್ತು ಹನ್ನೆರಡು ನೆರಿಗೆಗಳು ತಮ್ಮ ದಾರಿ ತಾವು ಹಿಡಿದಿರುತ್ತವೆ. ಸ್ಕೂಟರಿನ ಹಿಂದಿನ ಸೀಟಂತೂ ಇದಕ್ಕೆ ಆಜನ್ಮ ವೈರಿ.

ಹೀಗಾಗಿ ಕೊನೆಗೆ ಎಲ್ಲವೂ ಇಸ್ತ್ರಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ವೆನಿಸ್ ನಗರದಲ್ಲಿ ಮರಿಯಾನೊ ಫಾರ್ಚುನಿ ಎಂಬಾತ ರೇಷ್ಮೆಗೆ ಕೂದಲೆಳೆಯ ನೆರಿಗೆ ಹಿಡಿದು ಡೆಲ್ಫೋಸ್ ಎಂಬ ನಿಲುವಂಗಿ ಮಾಡಿದ. ನೆರಿಗೆಯ ಯಂತ್ರಕ್ಕೆ 1909ರಲ್ಲಿ ಪೇಟೆಂಟ್ ತೆಗೆದುಕೊಂಡರೂ ಕೈಚಳಕದ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನೀರು ತಾಗಿ ನೆರಿಗೆ ಬಿಟ್ಟರೆ ಶ್ರೀಮಂತ ಮಹಿಳೆಯರು ಅಂಗಿಯನ್ನು ಅವನಿಗೇ ವಾಪಸು ಕಳಿಸಿ ಮತ್ತೆ ನೆರಿಗೆ ಹಿಡಿಸಿಕೊಳ್ಳಬೇಕಿತ್ತು. ನಮಗೆ ವೆನಿಸ್ ದೂರ. ರಸ್ತೆ ತಿರುವಿನ ಸಂಪಿಗೆ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡಿರುವ ಇಸ್ತ್ರಿಯವನೇ ನಮ್ಮ ಫಾರ್ಚುನಿ.

ಅವನು ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತಿರುಗಿಸಿ, ನೆರಿಗೆ ಎಣಿಸಲು ಶುರುಮಾಡಿ ಹದಿನೈದಕ್ಕೋ ಇಪ್ಪತ್ತಕ್ಕೋ ಬಿಟ್ಟ.

"ಮೇಡಂ, ಇದಕ್ಕೆ ನನ್ನ ಹತ್ರ ರೇಟಿಲ್ಲ."

"ಲಂಗಕ್ಕೆ ಎಷ್ಟೋ ಅಷ್ಟು ತಗೋ."

"ಲಂಗ ಅಂದ್ರೆ ಸ್ಕೂಲ್ ಮಕ್ಕಳದು. ಇದು ಮೂರು ಮೀಟ್ರು ಐತೆ. ಸೀರೆ ರೇಟಾಗ್ತದೆ."

"ಸೀರೆ ಐದೂವರೆ ಮೀಟರು. ಅರ್ಧ ಸೀರೆ ಅನ್ನು."

"ಸೀರೆಗೆ ನೆರಿಗೆ ನೀವು ಹಿಡ್ಕೊಂತೀರಿ. ಇಲ್ಲಿ ನಾನು ಹಿಡೀಬೇಕು."

ನ್ಯಾಯವಾದ ಮಾತು. ಬ್ಯಾಂಕಿನಲ್ಲಿದ್ದಾಗ ಇಷ್ಟು ತರ್ಕಬದ್ಧವಾಗಿ ಬಡ್ಡಿ ಕಡಿಮೆ ಮಾಡಿಸಿಕೊಂಡ ಗಿರಾಕಿ ಒಬ್ಬರೂ ಸಿಕ್ಕಿರಲಿಲ್ಲ. ಒಂದು ಸೀರೆ, ಒಂದು ಪ್ಯಾಂಟು ಎಂದು ಲೆಕ್ಕ ಮಾಡುವುದೆಂದು ತೀರ್ಮಾನವಾಯಿತು. ಅವನ ಪುಸ್ತಕದಲ್ಲೂ ಹಾಗೇ ಬರೆದುಕೊಂಡ. ಸಂಜೆ ಬಟ್ಟೆ ತರಲು ಹೋದ ಯಜಮಾನರು ಮನೆಗೆ ಬಂದು, ತಮ್ಮ ಪ್ಯಾಂಟು ಒಂದು ಕಡಿಮೆ ಬಂದಿದೆ, ಅವನು ಕೊಟ್ಟೆ ಅಂತಾನೆ, ಪುಸ್ತಕದಲ್ಲೂ ಬರೆದಿದೆ, ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಾರೆ.